ಒತ್ತುಗುಂಡಿಯ ಒಳಗುಟ್ಟು

ವರ್ನಿಯರ್ ಕ್ಯಾಲಿಪರ್ಸನ್ನು ವಿದ್ಯಾರ್ಥಿಯ ಕೈಗೆ ಕೊಡುವಾಗ ಯಾವ ವಿಜ್ಞಾನ ಮೇಷ್ಟ್ರಾದರೂ ಮೊದಲು ಹೇಳುವ ಮಾತು ಒಂದೇ: ಅಳೆಯುವ ಮುಂಚೆ ದವಡೆಗಳನ್ನು ಮುಚ್ಚಿ, ಶೂನ್ಯ ದೋಷ ಇದೆಯೇ ನೋಡಿಕೊ. ಉಪಕರಣವೇ ಸುಳ್ಳು ಹೇಳುತ್ತಿದ್ದರೆ ಹುಡುಗ ಎಷ್ಟು ಎಚ್ಚರದಿಂದ ಅಳೆದರೂ ಉತ್ತರ ತಪ್ಪೇ ಬರುತ್ತದೆ. ಆದರೆ ಆಟದ ಸಾಮಾನಿನ ವಿಷಯಕ್ಕೆ ಬಂದಾಗ ಈ ಎಚ್ಚರ ನಮಗಿರುವುದಿಲ್ಲ. ವಿಡಿಯೊ ಆಟದಲ್ಲಿ ಸೋತ ಮಗ "ನಾನು ಒತ್ತಿದೆ, ಗುಂಡಿ ಕೆಲಸ ಮಾಡಲಿಲ್ಲ" ಎಂದರೆ ಮನೆಮಂದಿಯೆಲ್ಲ ನಗುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಆದರೆ ಕೆಲವು ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ.

ಈ ವಾರ ಅಂಥದೊಂದು ನೆಲವನ್ನು ಅಳೆದು ನೋಡೋಣ. ಅದಕ್ಕೆ ಫೈಟಿಂಗ್ ಸ್ಟಿಕ್ ಅಥವಾ ಆರ್ಕೇಡ್ ಸ್ಟಿಕ್ ಎಂದು ಹೆಸರು. ತೊಡೆಯ ಮೇಲೆ ಇಟ್ಟುಕೊಳ್ಳಬಹುದಾದ ಒಂದು ಪೆಟ್ಟಿಗೆ. ಎಡಗಡೆ ಚೆಂಡಿನ ತಲೆಯುಳ್ಳ ಒಂದು ಹಿಡಿಕೆ, ಬಲಗಡೆ ಎರಡು ಸಾಲಿನಲ್ಲಿ ಎಂಟು ದುಂಡನೆಯ ಗುಂಡಿಗಳು. ಹಿಂದೆ ಜಪಾನಿನ, ಅಮೆರಿಕದ ಆಟದ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಆಳೆತ್ತರದ ಯಂತ್ರಗಳಿದ್ದವಲ್ಲ, ಅವುಗಳ ಮುಂಭಾಗವನ್ನಷ್ಟೇ ಕತ್ತರಿಸಿ ಮನೆಗೆ ತಂದಂತೆ. ಇದನ್ನು ಗಣಕಕ್ಕೋ ಆಟದ ಯಂತ್ರಕ್ಕೋ ಜೋಡಿಸಿ, ಇಬ್ಬರು ಎದುರುಬದುರಾಗಿ ಗುದ್ದಾಡುವ ಆಟಗಳನ್ನು ಆಡುತ್ತಾರೆ. ಮಕ್ಕಳು ಇಂಥ ಆಟ ಆಡಬೇಕೇ, ಆಡಿದರೆ ಎಷ್ಟು ಹೊತ್ತು ಎಂಬುದು ನಿಮ್ಮ ನಿಮ್ಮ ಮನೆಯ ವಿಚಾರ. ಆ ಪಂಚಾಯಿತಿಗೆ ನಾನು ಬರುವುದಿಲ್ಲ. ಕೊಡಿಸುವುದೆಂದು ತೀರ್ಮಾನಿಸಿದ ಮೇಲೆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ನಮ್ಮ ವಿಷಯ.

ಗುಂಡಿಯ ಕಥೆ ಆರಂಭವಾಗುವುದೇ ಒಂದು ತಮಾಷೆಯಿಂದ. 1987ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ಸ್ಟ್ರೀಟ್ ಫೈಟರ್ ಎಂಬ ಆಟವನ್ನು ಹೊರತಂದಿತು. ಅದರ ಒಂದು ಮಾದರಿಯಲ್ಲಿ ಇಂದಿನಂಥ ಗುಂಡಿಗಳ ಬದಲು ಎರಡು ದೊಡ್ಡ ರಬ್ಬರ್ ಮೆತ್ತೆಗಳಿದ್ದವು. ಒಂದು ಗುದ್ದಿಗೆ, ಇನ್ನೊಂದು ಒದೆಗೆ. ಮೆತ್ತೆಯನ್ನು ಎಷ್ಟು ಜೋರಾಗಿ ಹೊಡೆಯುತ್ತೀರೋ ತೆರೆಯ ಮೇಲಿನ ಜಟ್ಟಿ ಅಷ್ಟು ಜೋರಾಗಿ ಹೊಡೆಯುತ್ತಾನೆ. ಕೇಳುವುದಕ್ಕೆ ಚೆನ್ನ. ಆದರೆ ನಾಣ್ಯ ಹಾಕಿದ ಹುಡುಗರು ಸುಮ್ಮನೆ ಒತ್ತುತ್ತಾರೆಯೇ? ಮೆತ್ತೆಗಳೂ ಹಾಳಾದವು, ಕೈಗಳೂ ನೊಂದವು. ಆಮೇಲೆ ಉಳಿದುಕೊಂಡದ್ದು ಆರು ಗುಂಡಿಗಳ ಮಾದರಿ: ಹಗುರ, ಮಧ್ಯಮ, ಭಾರಿ ಎಂದು ಮೂರು ಗುದ್ದು, ಹಾಗೆಯೇ ಮೂರು ಒದೆ. 1991ರಲ್ಲಿ ಬಂದ ಸ್ಟ್ರೀಟ್ ಫೈಟರ್-2 ಲೋಕಪ್ರಿಯವಾದಾಗ ಈ ಆರು ಗುಂಡಿಗಳ ಏರ್ಪಾಡೂ ಗಟ್ಟಿಯಾಗಿ ನೆಲೆನಿಂತಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಆರು ಗುಂಡಿ ಬಂದ ಮೇಲೆ ಬೆರಳಿನ ಬಲಕ್ಕೆ ಬೆಲೆಯೇ ಇಲ್ಲದಂತಾಯಿತು. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಭಾರಿ ಗುದ್ದು ಭಾರಿ ಗುದ್ದೇ. ಗುಂಡಿ ಹೇಳಬೇಕಾದದ್ದು ಎರಡೇ ಸಂಗತಿ: ಒತ್ತಲಾಗಿದೆಯೋ ಇಲ್ಲವೋ, ಮತ್ತು ಯಾವ ಗಳಿಗೆಯಲ್ಲಿ. ಅಂದರೆ ಅದು ಬಲ ಅಳೆಯುವ ಸಾಧನವಾಗಿದ್ದುದು ಕಾಲ ಅಳೆಯುವ ಸಾಧನವಾಯಿತು.

ಎಂಥ ಕಾಲ? ಇಂಥ ಆಟಗಳು ಸೆಕೆಂಡಿಗೆ 60 ಚಿತ್ರಗಳ ಲೆಕ್ಕದಲ್ಲಿ ಓಡುತ್ತವೆ. ಒಂದು ಚಿತ್ರದ ಅವಧಿ ಸುಮಾರು 16.7 ಮಿಲಿಸೆಕೆಂಡ್. ಪ್ರತಿ ಚಿತ್ರಕ್ಕೆ ಒಮ್ಮೆ ಆಟವು ಗುಂಡಿಗಳ ಕಡೆ ಕಣ್ಣು ಹಾಯಿಸಿ, ಯಾವುದು ಒತ್ತಿದೆ ಎಂದು ನೋಡಿಕೊಳ್ಳುತ್ತದೆ. 2008ರಲ್ಲಿ ಬಂದ ಸ್ಟ್ರೀಟ್ ಫೈಟರ್-4ರಲ್ಲಿ ಒಂದು ಪೆಟ್ಟಿಗೆ ಇನ್ನೊಂದನ್ನು ಪೋಣಿಸಲು ಸರಿಯಾಗಿ ಒಂದೇ ಚಿತ್ರದ ಅವಧಿಯೊಳಗೆ ಗುಂಡಿ ಒತ್ತಬೇಕಾದ ಸಂದರ್ಭಗಳು ಬೇಕಾದಷ್ಟಿದ್ದವು. ಕಣ್ಣು ರೆಪ್ಪೆ ಮುಚ್ಚಿ ತೆರೆಯುವುದಕ್ಕೆ ಇದರ ಹಲವು ಪಟ್ಟು ಸಮಯ ಬೇಕು. ಮುಂದಿನ ಆಟಗಳಲ್ಲಿ ಈ ಕಟ್ಟುನಿಟ್ಟು ಸ್ವಲ್ಪ ಸಡಿಲವಾಗಿದೆ, ಆದರೂ ವ್ಯವಹಾರ ನಡೆಯುವುದು ಮಿಲಿಸೆಕೆಂಡಿನಲ್ಲೇ.

ಈಗ ಗುಂಡಿಯ ಒಳಗೆ ಇಳಿಯೋಣ. ಮೇಲಿನ ಬಣ್ಣದ ತುಂಡು ಬರಿಯ ಮುಚ್ಚಳ. ಅದರ ಕೆಳಗೊಂದು ಸ್ಪ್ರಿಂಗ್, ಅದರ ಕೆಳಗೆ ಮೈಕ್ರೊಸ್ವಿಚ್ ಎಂಬ ಪುಟ್ಟ ಪೆಟ್ಟಿಗೆ. ಕೆಲಸವೆಲ್ಲ ನಡೆಯುವುದು ಈ ಪುಟ್ಟ ಪೆಟ್ಟಿಗೆಯಲ್ಲಿ. ಅದನ್ನು 1932ರಲ್ಲಿ ರೂಪಿಸಿದವರು ಅಮೆರಿಕದ ಇಲಿನಾಯ್ ರಾಜ್ಯದ ಫ್ರೀಪೋರ್ಟ್ ಊರಿನ ಪೀಟರ್ ಮೆಕ್‌ಗಾಲ್. ಅದರ ತತ್ತ್ವ ತಿಳಿಯಬೇಕಾದರೆ ಮನೆಯಲ್ಲಿ ಹೆಣ್ಣುಮಕ್ಕಳು ತಲೆಗೆ ಹಾಕುವ ಟಿಕ್‌ಟಾಕ್ ಕ್ಲಿಪ್ ತೆಗೆದುಕೊಳ್ಳಿ. ಅದನ್ನು ನಿಧಾನವಾಗಿ ಬಗ್ಗಿಸುತ್ತಾ ಹೋಗಿ. ಬಹಳ ಹೊತ್ತು ಏನೂ ಆಗುವುದಿಲ್ಲ; ಒಂದು ಹಂತ ದಾಟಿದ ಕೂಡಲೇ 'ಟಕ್' ಎಂದು ತಾನೇ ಆ ಕಡೆಗೆ ಹಾರುತ್ತದೆ. ನೀವು ಎಷ್ಟು ನಿಧಾನವಾಗಿ ಒತ್ತಿದರೂ ಹಾರುವ ವೇಗ ಅದರದೇ. ಮೈಕ್ರೊಸ್ವಿಚ್ಚಿನಲ್ಲಿ ಹೀಗೆ ಬಗ್ಗಿಸಿಟ್ಟ ಲೋಹದ ಎಲೆಯೊಂದು ಇರುತ್ತದೆ. ಬೆರಳು ಅಳುಕುತ್ತಾ ಇಳಿದರೂ ಸ್ಪರ್ಶಕಗಳು ಅಳುಕದೆ ಕೂಡಬೇಕು, ಅದೇ ಉದ್ದೇಶ.

ಮೇಲಕ್ಕೆ ಹಾರಿ ಬಿಟ್ಟುಕೊಳ್ಳುವ ಜಾಗವೂ ಕೆಳಕ್ಕೆ ಹಾರಿ ಕೂಡುವ ಜಾಗವೂ ಒಂದೇ ಅಲ್ಲ ಎಂಬುದನ್ನು ಗಮನಿಸಿ. ಎರಡರ ನಡುವೆ ಒಂದಿಷ್ಟು ಅಂತರ ಇರಲೇಬೇಕು. ಅಂತರ ತೀರಾ ಕಡಿಮೆಯಾದರೆ ಬೆರಳಿನ ಸಣ್ಣ ನಡುಕಕ್ಕೂ ಗುಂಡಿ ಎರಡು ಸಲ ಒತ್ತಿದಂತೆ ವರ್ತಿಸುತ್ತದೆ. ತೀರಾ ಹೆಚ್ಚಾದರೆ, ಮತ್ತೆ ಒತ್ತಬೇಕೆಂದರೆ ಬೆರಳನ್ನು ಪೂರ್ತಿ ಮೇಲೆತ್ತಬೇಕಾಗುತ್ತದೆ. ಒಳ್ಳೆಯ ಕಾರ್ಖಾನೆ ಈ ಅಂತರವನ್ನು ಸಾವಿರಾರು ತುಂಡುಗಳಲ್ಲೂ ಒಂದೇ ಸಮ ಇಡುತ್ತದೆ. ದುಡ್ಡು ತೆರುವುದು ಆ 'ಒಂದೇ ಸಮ'ಕ್ಕೆ.

ಇಷ್ಟಾದರೂ ಲೋಹಕ್ಕೆ ಲೋಹ ಬಡಿದರೆ ಪುಟಿಯುವುದು ತಪ್ಪುವುದಿಲ್ಲ. ಗೋಲಿ ನೆಲಕ್ಕೆ ಬಿದ್ದು ಟಕ್ ಟಕ್ ಟಕ್ ಎಂದು ಕುಣಿದು ನಿಲ್ಲುವಂತೆ ಸ್ಪರ್ಶಕಗಳೂ ಕೂಡಿ, ಬಿಟ್ಟು, ಮತ್ತೆ ಕೂಡಿ ನಿಲ್ಲುತ್ತವೆ. ಚೆನ್ನಾಗಿರುವ ಸ್ವಿಚ್ಚಿನಲ್ಲಿ ಈ ಕುಣಿತ ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಆಟ ನೋಡುವುದು 16.7 ಮಿಲಿಸೆಕೆಂಡಿಗೊಮ್ಮೆ ತಾನೆ, ಹಾಗಾಗಿ ಅದರ ಕಣ್ಣಿಗೆ ಇದು ಸಾಮಾನ್ಯವಾಗಿ ಬೀಳುವುದೇ ಇಲ್ಲ. ಸವೆದ ಅಥವಾ ಸಡಿಲ ಸ್ವಿಚ್ಚಿನಲ್ಲಿ ಕುಣಿತ ಉದ್ದವಾದಾಗ ಒಂದು ಒತ್ತಿಗೆ ಎರಡು ಪೆಟ್ಟು ಹೋಗುವುದುಂಟು. ಇದನ್ನು ತಡೆಯಲು ಪೆಟ್ಟಿಗೆಯೊಳಗಿನ ವಿದ್ಯುನ್ಮಾನ ಫಲಕದಲ್ಲಿ ಉಪಾಯವಿರುತ್ತದೆ. ಒಂದು ಕ್ರಮದಲ್ಲಿ ಫಲಕವು ಕುಣಿತ ನಿಲ್ಲುವವರೆಗೂ ಕಾದು ಆಮೇಲೆ ಸುದ್ದಿ ಕಳಿಸುತ್ತದೆ. ಇನ್ನೊಂದರಲ್ಲಿ ಮೊದಲ ಸ್ಪರ್ಶಕ್ಕೇ ಸುದ್ದಿ ಕಳಿಸಿ, ಮುಂದಿನ ಕೆಲವು ಮಿಲಿಸೆಕೆಂಡು ಕಿವಿ ಮುಚ್ಚಿಕೊಳ್ಳುತ್ತದೆ. ಎರಡನೆಯದು ಆಟಗಾರನಿಗೆ ಹಿತ. ಮೊದಲನೆಯದರಲ್ಲಿ ಕಳಪೆ ಸ್ವಿಚ್ಚಿನ ಸಾಲವನ್ನು ಪ್ರತಿ ಒತ್ತಿಗೂ ವಿಳಂಬದ ರೂಪದಲ್ಲಿ ತೀರಿಸುತ್ತಿರಬೇಕು. ಅಂದಹಾಗೆ, ಸ್ವತಃ ಪೆಟ್ಟಿಗೆ ಕಟ್ಟಿಕೊಳ್ಳುವವರಿಗೆಂದು ಚೀನಾದಿಂದ ಬರುವ ಅಗ್ಗದ ಫಲಕವೊಂದಕ್ಕೆ 'ಝೀರೊ ಡಿಲೇ', ಅಂದರೆ ಶೂನ್ಯ ವಿಳಂಬ, ಎಂದೇ ಹೆಸರಿದೆ. ನಿಸರ್ಗದಲ್ಲಿ ಶೂನ್ಯ ಅಷ್ಟು ಸುಲಭವಾಗಿ ಸಿಗುವ ಪದಾರ್ಥವಲ್ಲ; ಹೆಸರನ್ನು ಹೆಸರೆಂದೇ ತಿಳಿಯಿರಿ.

ಇನ್ನು ಸ್ಪರ್ಶಕದ ಲೋಹ. ಹತ್ತನೆಯ ತರಗತಿಯವರು ಓಮನ ನಿಯಮ ನೆನಪಿಸಿಕೊಳ್ಳಿ. ಗುಂಡಿಗೆ 5 ವೋಲ್ಟ್, ಜೊತೆಗೆ 10,000 ಓಮಿನ ರೋಧಕ ಇದೆ ಎಂದಿಟ್ಟುಕೊಂಡರೆ ಹರಿಯುವ ವಿದ್ಯುತ್ತು 0.5 ಮಿಲಿಆಂಪಿಯರ್. ಮನೆಯ 60 ವ್ಯಾಟಿನ ಹಳೇ ಬಲ್ಬಿನಲ್ಲಿ ಹರಿಯುತ್ತಿದ್ದುದು ಸುಮಾರು 260 ಮಿಲಿಆಂಪಿಯರ್. ಇದರಿಂದೇನು? ಗೋಡೆಯ ಸ್ವಿಚ್ಚು ಹಾಕುವಾಗ, ತೆಗೆಯುವಾಗ ಒಳಗೊಂದು ಸಣ್ಣ ಕಿಡಿ ಹಾರುತ್ತದೆ. ಸ್ಪರ್ಶಕದ ಮೇಲೆ ಕೂತ ಕಿಲುಬಿನ ಪೊರೆಯನ್ನು ಅದು ಸುಟ್ಟು ಹಾಕುತ್ತದೆ. ಆಟದ ಗುಂಡಿಯಲ್ಲಿ ಅಂಥ ಕಿಡಿಯ ಮಾತೇ ಇಲ್ಲ. ಪೊರೆ ಕೂತರೆ ಕೂತೇ ಇರುತ್ತದೆ. ಬೆಳ್ಳಿಯ ಕುಂಕುಮದ ಬಟ್ಟಲು ನಾಲ್ಕು ತಿಂಗಳು ಬೀರುವಿನಲ್ಲಿದ್ದರೆ ಕಪ್ಪಾಗುವುದನ್ನು ಕಂಡಿದ್ದೀರಿ. ಗಾಳಿಯ ಗಂಧಕದ ಸಂಯುಕ್ತಗಳು ಬೆಳ್ಳಿಯೊಂದಿಗೆ ಸೇರಿ ಆದ ಬೆಳ್ಳಿಯ ಸಲ್ಫೈಡ್ ಅದು. ಸ್ವಿಚ್ಚಿನ ಬೆಳ್ಳಿಗೂ ಅದೇ ಗತಿ. ಆದ್ದರಿಂದಲೇ ಇಷ್ಟು ಕಡಿಮೆ ವಿದ್ಯುತ್ತಿನ ಸ್ವಿಚ್ಚುಗಳಿಗೆ ಸ್ಪರ್ಶಕದ ಮೇಲೆ ಚಿನ್ನದ ತೆಳುಲೇಪ ಕೊಡುವುದು ರೂಢಿ. ಅಗ್ಗದ ಸ್ವಿಚ್ಚಿನಲ್ಲಿ ಕೈಬಿಡಲು ಮೊದಲು ಹೊಳೆಯುವ ವೆಚ್ಚವೂ ಈ ಲೇಪವೇ. ಅಂಗಡಿಯಲ್ಲಿ ಇದು ಗೊತ್ತಾಗುವುದಿಲ್ಲ. ಹೊಸದರಲ್ಲಿ ಎಲ್ಲ ಗುಂಡಿಯೂ ಚೆನ್ನಾಗಿಯೇ ಇರುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಒತ್ತಿದ ಗುಂಡಿಗಳಲ್ಲೊಂದು ಆಗೊಮ್ಮೆ ಈಗೊಮ್ಮೆ ಮೂಕವಾಗತೊಡಗುತ್ತದೆ. ಒತ್ತಿ ಹಿಡಿದುಕೊಂಡಿದ್ದಾಗ ಕ್ಷಣಮಾತ್ರ ಕೈಬಿಟ್ಟು ಮತ್ತೆ ಹಿಡಿಯುವುದೂ ಇದೆ. ಸ್ಟ್ರೀಟ್ ಫೈಟರ್ ಆಟಗಳ ಬಾಕ್ಸರ್ ಪಾತ್ರಕ್ಕೆ ಗುಂಡಿಗಳನ್ನು ಬಹಳ ಹೊತ್ತು ಹಿಡಿದು ಬಿಟ್ಟರೆ ಬರುವ ಒಂದು ಗುದ್ದು ಇದೆ. ನಡುವೆ ಸ್ವಿಚ್ಚು ಕಣ್ಣು ಮಿಟುಕಿಸಿದರೆ ಅಷ್ಟು ಹೊತ್ತಿನ ಕಾಯುವಿಕೆ ನೀರುಪಾಲು.

ಇವೆಲ್ಲಕ್ಕಿಂತ ಹೆಚ್ಚು ಕಾಡುವ ದೋಷ ಮಾತ್ರ ಬೇರೆಯೇ. ಅಗ್ಗದ ಪೆಟ್ಟಿಗೆಯ ಎಂಟು ಗುಂಡಿಗಳು ಎಂಟು ಮನೆಯ ಮಕ್ಕಳಂತೆ ಇರುತ್ತವೆ. ಒಂದು ಮುಕ್ಕಾಲು ಆಳಕ್ಕೆ ಕೂಡಿದರೆ ಇನ್ನೊಂದು ತಳ ಮುಟ್ಟುವವರೆಗೂ ಕೂಡುವುದಿಲ್ಲ. ಒಂಟಿ ಗುಂಡಿ ಒತ್ತುವಾಗ ಕೈ ಇದಕ್ಕೆ ಹೊಂದಿಕೊಂಡುಬಿಡುತ್ತದೆ. ತೊಂದರೆ ಬರುವುದು ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕಾದಾಗ. 2023ರ ಸ್ಟ್ರೀಟ್ ಫೈಟರ್-6ರಲ್ಲಿ ಭಾರಿ ಗುದ್ದು, ಭಾರಿ ಒದೆ ಎರಡನ್ನೂ ಒಟ್ಟಿಗೆ ಒತ್ತಿದರೆ ಡ್ರೈವ್ ಇಂಪ್ಯಾಕ್ಟ್ ಎಂಬ ದೊಡ್ಡ ಹೊಡೆತ ಬರುತ್ತದೆ. ಲೆಕ್ಕ ಹಾಕಿ. ಎರಡು ಗುಂಡಿಗಳ ಆಳದಲ್ಲಿ 1 ಮಿಲಿಮೀಟರ್ ವ್ಯತ್ಯಾಸ, ಬೆರಳು ಇಳಿಯುವ ವೇಗ ಸೆಕೆಂಡಿಗೆ 10 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. 1 ಮಿಲಿಮೀಟರ್ ದಾಟಲು ಬೇಕಾದ ಕಾಲ 10 ಮಿಲಿಸೆಕೆಂಡ್. ಒಂದು ಚಿತ್ರದ ಅವಧಿ 16.7. ಹಾಗಾದರೆ ಎರಡು ಬೆರಳೂ ಕರಾರುವಾಕ್ಕಾಗಿ ಒಟ್ಟಿಗೆ ಇಳಿದರೂ, ಎರಡು ಗುಂಡಿಗಳ ಸುದ್ದಿ ಬೇರೆ ಬೇರೆ ಚಿತ್ರಕ್ಕೆ ಹಂಚಿಹೋಗುವ ಸಂಭವ 16.7ರಲ್ಲಿ 10, ಅಂದರೆ ಹತ್ತರಲ್ಲಿ ಆರು ಸಲ! ಆಟ ತಯಾರಿಸಿದವರು ಇದಕ್ಕೆಂದೇ ಸ್ವಲ್ಪ ರಿಯಾಯಿತಿ ಇಟ್ಟಿರುತ್ತಾರೆ, ನಿಜ. ಆದರೆ ರಿಯಾಯಿತಿ ಇರುವುದು ಮನುಷ್ಯನ ಬೆರಳಿನ ತಡಕ್ಕೆ. ಅದನ್ನು ಗುಂಡಿಯೇ ತಿಂದುಹಾಕಿದರೆ ಬೆರಳಿಗೆ ಉಳಿಯುವುದೇನು?

ನಮ್ಮ ಶಾಲೆಯ ಹತ್ತನೆಯ ತರಗತಿಯ ಹುಡುಗನೊಬ್ಬನಿಗೆ ಆಗಿದ್ದದ್ದು ಇದೇ. ಹುಟ್ಟುಹಬ್ಬಕ್ಕೆ ಅಪ್ಪ ಕೊಡಿಸಿದ ಅಗ್ಗದ ಪೆಟ್ಟಿಗೆ. ಆ ಒಂದು ಹೊಡೆತ ತನಗೆ ಬರುವುದೇ ಇಲ್ಲ, ತನ್ನ ಉಂಗುರ ಬೆರಳಿಗೇ ಏನೋ ಊನ ಎಂದು ಅವನು ನಂಬಿಬಿಟ್ಟಿದ್ದ. ಇಷ್ಟು ದುಡ್ಡು ಕೊಟ್ಟು ತಂದದ್ದನ್ನು ಹಾಳೆನ್ನುತ್ತಾನಲ್ಲ ಎಂದು ಅಪ್ಪನಿಗೆ ಬೇಸರ. ಬೆರಳಿನ ವಿಚಾರ ಆಮೇಲೆ, ಮೊದಲು ಉಪಕರಣದ ಶೂನ್ಯ ದೋಷ ನೋಡೋಣ ಎಂದು ಶನಿವಾರ ಮಧ್ಯಾಹ್ನ ಪ್ರಯೋಗಶಾಲೆಗೆ ಅದನ್ನು ತರಿಸಿದೆ. ಅಳೆಯಲು ಬೇಕಾದದ್ದು ಒಂದು ಗಣಕ, ಔಷಧದ ಶೀಷೆಯ ಮುಚ್ಚಳ, ಐದು ರೂಪಾಯಿಯ ಒಂದಷ್ಟು ನಾಣ್ಯ. ವಿಂಡೋಸ್ ಗಣಕದಲ್ಲಿ ಗೇಮ್ ಕಂಟ್ರೋಲರ್ ಎಂಬ ಪುಟವಿದೆ. ಪೆಟ್ಟಿಗೆಯನ್ನು ಜೋಡಿಸಿ ಅದರ ಪರೀಕ್ಷೆಯ ಭಾಗವನ್ನು ತೆರೆದರೆ ಪ್ರತಿ ಗುಂಡಿಗೂ ಒಂದೊಂದು ಕೆಂಪು ದೀಪ ಕಾಣಿಸುತ್ತದೆ; ಗುಂಡಿ ಕೂಡಿದ ಕ್ಷಣ ಅದು ಹೊತ್ತುತ್ತದೆ. ಮುಚ್ಚಳವನ್ನು ಅಂಗಾತ ಮಾಡಿ ಗುಂಡಿಯ ಮೇಲೆ ಅಂಟಿಸಿ, ಒಂದೊಂದೇ ನಾಣ್ಯ ಇಡುತ್ತಾ ಹೋದೆವು. ಮೆಲ್ಲಗೆ ಇಡಬೇಕು. ಬೀಳಿಸಿದರೆ ತೂಕದ ಬದಲು ಹೊಡೆತವನ್ನು ಅಳೆದಂತಾಗುತ್ತದೆ. ಇನ್ನೊಂದು ಎಚ್ಚರ: 2011ರ ಮಾದರಿಯ ಐದು ರೂಪಾಯಿ ನಾಣ್ಯದ ತೂಕ 6 ಗ್ರಾಂ, ಹಳೆಯ ದಪ್ಪನೆಯ ಬಿಳಿ ನಾಣ್ಯದ್ದು 9 ಗ್ರಾಂ. ಎರಡನ್ನೂ ಬೆರೆಸಬಾರದು.

ಮೇಲಿನ ಸಾಲಿನ ನಾಲ್ಕು ಗುಂಡಿಗಳಿಗೆ ದೀಪ ಹೊತ್ತಲು ಬೇಕಾದ ನಾಣ್ಯಗಳು 9, 10, 9, 14. ಕೆಳಸಾಲಿಗೆ 10, 9, 17, 10. ಹುಡುಗ ಬಾಯಿಬಿಟ್ಟು ನೋಡಿದ. ಮೇಲಿನ ಸಾಲಿನ ಮೂರನೆಯದು ಭಾರಿ ಗುದ್ದು, ಕೆಳಸಾಲಿನ ಮೂರನೆಯದು ಭಾರಿ ಒದೆ. ಒಂದಕ್ಕೆ 54 ಗ್ರಾಂ ಸಾಕು, ಇನ್ನೊಂದಕ್ಕೆ 102 ಗ್ರಾಂ ಬೇಕು. ಅವನ ಕೈಯಲ್ಲಿ ಯಾವ ಊನವೂ ಇರಲಿಲ್ಲ. ಪೆಟ್ಟಿಗೆ ಬಿಚ್ಚಿ ನೋಡಿದರೆ ಅಚ್ಚಿನಿಂದ ತೆಗೆಯುವಾಗ ಉಳಿದ ಪ್ಲಾಸ್ಟಿಕ್ಕಿನ ಎಳೆಯೊಂದು ಗುಂಡಿಯ ಗೋಡೆಗೆ ಅಂಟಿಕೊಂಡು ಉಜ್ಜುತ್ತಿತ್ತು. ಬ್ಲೇಡಿನಿಂದ ಅದನ್ನು ಸವರಿ ತೆಗೆದ ಮೇಲೆ 17 ಇದ್ದದ್ದು 11ಕ್ಕೆ ಇಳಿಯಿತು. ಹುಡುಗ ಆ ಎಂಟು ಸಂಖ್ಯೆಗಳನ್ನು ಕೋಷ್ಟಕ ಮಾಡಿ ಬರೆದುಕೊಂಡು ಅಪ್ಪನಿಗೆ ತೋರಿಸಲು ಒಯ್ದ. ನನಗೆ ಆ ಕೋಷ್ಟಕ ಅವನ ಪ್ರಯೋಗದ ದಾಖಲೆ ಪುಸ್ತಕದ ಎಷ್ಟೋ ಪುಟಗಳಿಗಿಂತ ಮೆಚ್ಚಿಗೆಯಾಯಿತು, ಏಕೆಂದರೆ ಅದರ ಉತ್ತರ ಯಾವ ಗೈಡಿನಲ್ಲೂ ಇರಲಿಲ್ಲ.

ತೂಕದ ಪರೀಕ್ಷೆಯ ಜೊತೆಗೆ ಇನ್ನೆರಡು ಮಾಡಿ ನೋಡಿ. ಗುಂಡಿಯನ್ನು ನಡುವೆ ಒತ್ತಿ, ಆಮೇಲೆ ಅಂಚಿನಲ್ಲಿ ಒತ್ತಿ. ಅಂಚಿನಲ್ಲಿ ಒತ್ತಿದಾಗ ಓರೆಯಾಗಿ ಸಿಕ್ಕಿಕೊಂಡರೆ ಒಳಗಿನ ಅಳತೆ ಸಡಿಲವೆಂದು ಅರ್ಥ. ಆಟದ ಭರದಲ್ಲಿ ಬೆರಳು ನಡುವೆಯೇ ಬೀಳುತ್ತದೆಂಬ ಭರವಸೆ ಯಾರಿಗೂ ಇಲ್ಲ. ಇನ್ನೊಂದು, ಗುಂಡಿಯನ್ನು ಒಂದು ನಿಮಿಷ ಹಿಡಿದುಕೊಂಡೇ ಇದ್ದು ದೀಪ ನೋಡಿ. ಒಮ್ಮೆ ಮಿಣುಕಿದರೂ ಆ ಸ್ವಿಚ್ಚಿನ ಸ್ಪರ್ಶಕ ಸರಿಯಿಲ್ಲ. ಸದ್ದನ್ನು ಮಾತ್ರ ನಂಬಬೇಡಿ. ಅಮೆರಿಕದ ಹಳೆ ಯಂತ್ರಗಳ ಮೈಕ್ರೊಸ್ವಿಚ್ ಗುಂಡಿಗಳು 'ಟಕ್ ಟಕ್' ಎಂದು ಸದ್ದು ಮಾಡುತ್ತವೆ, ಜಪಾನಿನವು ಹೆಚ್ಚು ಕಡಿಮೆ ಮೌನ. ಎರಡರಲ್ಲೂ ಒಳ್ಳೆಯವು ಇವೆ. ಬಣ್ಣದ ದೀಪ ಹೊತ್ತುವ ಗುಂಡಿಗಳ ಬಗ್ಗೆ ಹೇಳಲೇನೂ ಇಲ್ಲ.

ಸರಿ, ಪರೀಕ್ಷೆಯಲ್ಲಿ ಗುಂಡಿಗಳು ನಪಾಸಾದವು ಎನ್ನಿ. ಪೆಟ್ಟಿಗೆಯನ್ನೇ ಎಸೆದು ದುಬಾರಿಯದು ತರಬೇಕೆ? ಬೇಕಾಗಿಲ್ಲ. ಈ ಕ್ಷೇತ್ರದಲ್ಲಿ ಹೆಸರು ಮಾಡಿರುವ ಜಪಾನಿನ ಸಾನ್ವಾ ದೆನ್ಶಿ, ಸೈಮಿತ್ಸು ಕಂಪನಿಗಳು ಗುಂಡಿಗಳನ್ನು ಬಿಡಿಯಾಗಿಯೇ ಮಾರುತ್ತವೆ. ಸಾನ್ವಾದ ಓಬಿಎಸ್‌ಎಫ್-30 ಎಂಬ ಗುಂಡಿ ಬಹಳ ಪ್ರಸಿದ್ಧ. ವಿದೇಶದಲ್ಲಿ ಒಂದಕ್ಕೆ ಎರಡು ಮೂರು ಡಾಲರ್ ಇರುತ್ತದೆ, ನಮ್ಮಲ್ಲಿಗೆ ಬರುವಾಗ ಸಾಗಣೆ, ಸುಂಕ ಸೇರಿ ಬೆಲೆ ಏರುತ್ತದೆ. ಹೋರಿ ಎಂಬ ಇನ್ನೊಂದು ಜಪಾನೀ ಕಂಪನಿಯೂ ಇದೆ (ಎತ್ತಿನ ಗಾಡಿಗೂ ಅದಕ್ಕೂ ಸಂಬಂಧವಿಲ್ಲ). ಅದು ಹಯಾಬುಸಾ ಎಂಬ ಹೆಸರಿನಲ್ಲಿ ತನ್ನದೇ ಹಿಡಿಕೆ, ಗುಂಡಿಗಳನ್ನು ಮಾಡಿಕೊಳ್ಳುತ್ತದೆ. ಆದ್ದರಿಂದ ಅಗ್ಗದ ಪೆಟ್ಟಿಗೆ ಕೊಳ್ಳುವಾಗಲೇ ಕೇಳಬೇಕಾದ ಪ್ರಶ್ನೆ, ಗುಂಡಿ ಬದಲಿಸಲು ಬರುತ್ತದೆಯೇ ಎಂಬುದು. ಮೇಫ್ಲಾಶ್ ಎಫ್300 ಎಂಬ ಕಡಿಮೆ ಬೆಲೆಯ ಪೆಟ್ಟಿಗೆ ಆಟಗಾರರಲ್ಲಿ ಹೆಸರು ಪಡೆದದ್ದು ಅದರ ಸ್ವಂತ ಗುಂಡಿಗಳಿಂದಲ್ಲ. ಅವನ್ನು ಕಿತ್ತು ಸಾನ್ವಾದ ಬಿಡಿಭಾಗಗಳನ್ನು ಹಾಕಲು ಅನುಕೂಲವಾಗಿದೆ ಎಂಬ ಕಾರಣದಿಂದ. ಇನ್ನು ಕೆಲವು ಪುಟ್ಟ ಪೆಟ್ಟಿಗೆಗಳಲ್ಲಿ ಗುಂಡಿಯ ಕೆಳಗೆ ಸ್ವಿಚ್ಚೇ ಇರುವುದಿಲ್ಲ, ಟಿವಿ ರಿಮೋಟಿನಂತೆ ರಬ್ಬರಿನ ಬುಗ್ಗೆ ಇರುತ್ತದೆ. ಅಲ್ಲಿ ಕೆಟ್ಟದ್ದು ಕೆಟ್ಟಿತು, ಬದಲಿಸಲು ಬರುವುದಿಲ್ಲ. ಅಂಥದಕ್ಕೆ ದುಡ್ಡು ಹಾಕುವುದು ನನ್ನ ಮಟ್ಟಿಗೆ ದಂಡ. ಈಗೀಗ ಹಿಡಿಕೆಯನ್ನೂ ತೆಗೆದುಹಾಕಿ ಎಡಗೈಗೂ ಗುಂಡಿಗಳನ್ನೇ ಕೊಟ್ಟಿರುವ ಪೆಟ್ಟಿಗೆಗಳು ಬಂದಿವೆ. ಅವುಗಳಲ್ಲಿ ಗುಂಡಿ ಬಿಟ್ಟರೆ ಬೇರೇನೂ ಇಲ್ಲವಾದ್ದರಿಂದ ಈ ಪ್ರಶ್ನೆ ಇನ್ನೂ ಮುಖ್ಯ.

ಬದಲಿಸುವ ಕೆಲಸ ಕಷ್ಟವೇನಲ್ಲ, ಏಳನೆಯ ತರಗತಿಯ ಮಕ್ಕಳೂ ಮಾಡಬಹುದು. ಮೊದಲು ತಂತಿಯನ್ನು ಗಣಕದಿಂದ ಕಳಚಿ. ಪೆಟ್ಟಿಗೆಯ ತಳದ ತಿರುಪುಗಳನ್ನು ತೆಗೆದು, ಯಾವ ತಂತಿ ಯಾವ ಗುಂಡಿಯದು ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಫೋಟೊ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ತೂತಿನ ಅಗಲ ಅಳೆಯಿರಿ. ಮುಖ್ಯ ಗುಂಡಿಗಳಿಗೆ ಸಾಮಾನ್ಯವಾಗಿ 30 ಮಿಲಿಮೀಟರ್, ಆಟ ಆರಂಭಿಸುವ ಬದಿಯ ಗುಂಡಿಗಳಿಗೆ 24 ಮಿಲಿಮೀಟರ್. ಗುಂಡಿಯ ಎರಡು ಪಕ್ಕದ ಕೊಕ್ಕೆಗಳನ್ನು ಅಮುಕಿದರೆ ಅದು ಮೇಲಕ್ಕೆ ಬರುತ್ತದೆ, ಹೊಸದನ್ನು ಒತ್ತಿದರೆ ಕೂರುತ್ತದೆ. ತಂತಿಯ ತುದಿಯ ತಗಡಿನ ಹಿಡಿಕೆಗಳ ಅಳತೆ ಮಾತ್ರ ನೋಡಿಕೊಳ್ಳಬೇಕು. ಸಾನ್ವಾ ಗುಂಡಿಗಳ ಕಾಲು 2.8 ಮಿಲಿಮೀಟರ್ ಅಗಲ, ಅಮೆರಿಕದ ಮಾದರಿಯವುಗಳದ್ದು 4.8. ಎರಡು ತಂತಿಗಳಲ್ಲಿ ಯಾವುದು ಯಾವ ಕಾಲಿಗೆ ಎಂಬ ಚಿಂತೆ ಬೇಡ, ಸ್ವಿಚ್ಚಿಗೆ ಧನ ಋಣ ಎಂಬುದಿಲ್ಲ. ಎರಡೇ ಗುಂಡಿ ಕೊಳ್ಳುವಷ್ಟು ದುಡ್ಡಿದ್ದರೆ ಸ್ವಲ್ಪ ಕಾಯಿರಿ. ಹಳೆಯ ನಾಲ್ಕರ ನಡುವೆ ಹೊಸ ಎರಡು ಕೂತರೆ ಮತ್ತೆ ಅಸಮವೇ. ಆಡುವ ಆರನ್ನೂ ಒಂದೇ ಬಗೆಯವು ಹಾಕುವುದು ಲೇಸು.

ಕಿತ್ತ ಹಳೆಯ ಗುಂಡಿಗಳನ್ನು ಕಸಕ್ಕೆ ಹಾಕಬೇಡಿ. ಒಂದು ಟಾರ್ಚಿನ ಶೆಲ್ಲು, ಒಂದು ಬಲ್ಬು ಸೇರಿಸಿದರೆ ತಮ್ಮನೋ ತಂಗಿಯೋ ವಿದ್ಯುನ್ಮಂಡಲ ಕಲಿಯಲು ಬೇಕಾದಷ್ಟಾಯಿತು. ಒಂದನ್ನಾದರೂ ಪೂರ್ತಿ ಬಿಚ್ಚಿ ಆ ಹಾರುವ ಎಲೆಯನ್ನು ಕಣ್ಣಾರೆ ನೋಡಿ, ಕೆಡಲು ಕಾರಣ ಸ್ಪರ್ಶಕದ ಕಪ್ಪೋ ಸ್ಪ್ರಿಂಗಿನ ಸೋಲೋ ಎಂದು ಪತ್ತೆ ಮಾಡಿ. ಬಿಚ್ಚುವಾಗ ಕೆಳಗೊಂದು ಬಿಳಿ ಬಟ್ಟೆ ಹಾಸಿರಲಿ. ಒಳಗಿನ ತುಣುಕುಗಳು ಅಕ್ಕಿಕಾಳಿನಷ್ಟು ಚಿಕ್ಕವು, ಒಮ್ಮೆ ಹಾರಿದರೆ ಮತ್ತೆ ಸಿಗುವುದಿಲ್ಲ.